ಸಯನೈಡ್‌ಗೂ ನೀಲಿಗೂ ಏನು ನಂಟು?

ಪ್ರಶ್ನೆ: ಸಯನೈಡ್ ಎಂದರೆ ನೀಲಿ ಅಂತ ಎಲ್ಲೋ ಓದಿದೆ. ನಮ್ಮ ಕೆಜಿಎಫ್‌ನ ಸಯನೈಡ್ ಗುಡ್ಡಗಳಲ್ಲಿ ನೀಲಿ ಎಲ್ಲೂ ಕಾಣಲ್ಲ. ಈ ಹೆಸರು ಹೇಗೆ ಬಂತು?
– ಓದುಗರು, ರಾಬರ್ಟ್‌ಸನ್‌ಪೇಟೆ

ಉತ್ತರ: ನೀವು ಓದಿದ್ದು ಸರಿ. ಗ್ರೀಕ್‌ನಲ್ಲಿ ‘ಕ್ಯಾನೋಸ್’ ಅಂದರೆ ಕಡುನೀಲಿ. ಆದರೆ ಸೋಡಿಯಂ ಸಯನೈಡ್ ಅಚ್ಚ ಬಿಳಿ. ನೀಲಿ ಬಂದದ್ದು ಪ್ರಶ್ಯನ್ ಬ್ಲೂ ಎಂಬ ಬಣ್ಣದಿಂದ. 1782ರಲ್ಲಿ ಸ್ವೀಡನ್ನಿನ ಷೀಲೆ ಅದನ್ನು ಆಮ್ಲದ ಜೊತೆ ಕಾಯಿಸಿ ಇನ್ನೊಂದು ಆಮ್ಲ ಪಡೆದರು, ಭಾರಿ ವಿಷ ಅದು. 1815ರಲ್ಲಿ ಫ್ರಾನ್ಸಿನ ಗೇ-ಲುಸಾಕ್ ಇದೇ ಜಾಡಿನಲ್ಲಿ ಸಿಕ್ಕ ಅನಿಲಕ್ಕೆ ‘ನೀಲಿ ಹುಟ್ಟಿಸುವುದು’ ಎಂಬ ಅರ್ಥದಲ್ಲಿ ಸಯನೋಜೆನ್ ಎಂದರು. ಸಯನೈಡ್ ಅದರದ್ದೇ ಕುಡಿ.

ಕೋಲಾರದಲ್ಲಿ ಪಿಯುಸಿ ಮಕ್ಕಳಿಗೆ ಪಾಠ ಮಾಡುವಾಗ ಈ ನೀಲಿಯನ್ನು ಲ್ಯಾಬ್‌ನಲ್ಲೇ ತೋರಿಸುತ್ತಿದ್ದೆ. ಇಂಗಾಲ, ಸಾರಜನಕ ಎರಡೂ ಇರುವ ವಸ್ತುವನ್ನು ಸೋಡಿಯಂ ಜೊತೆ ಕಾಯಿಸಿದರೆ ಸಯನೈಡ್ ಆಗುತ್ತದೆ. ಅದನ್ನು ನೀರಿನಲ್ಲಿ ಕರಗಿಸಿ, ಆ ನೀರಿಗೆ ಫೆರಸ್ ಸಲ್ಫೇಟ್ ಎಂಬ ಕಬ್ಬಿಣದ ಲವಣ ಹಾಕಿ ಕುದಿಸಬೇಕು. ಕೊಳಕು ಹಸಿರು ಗಸಿ ಕಾಣುತ್ತದೆ. ಆಮ್ಲದ ಹನಿ ಬೀಳಲಿ, ಗಸಿ ಕರಗಿ ಕಡುನೀಲಿ ಏಳುತ್ತದೆ. ಅದೇ ಪ್ರಶ್ಯನ್ ಬ್ಲೂ! ಮಕ್ಕಳ ಕಣ್ಣು ಅರಳುವುದನ್ನು ನೋಡಬೇಕಿತ್ತು.

ನಿಮ್ಮೂರ ಗುಡ್ಡಗಳು, ಸಯನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಕಲ್ಲಿನ ಪುಡಿ. ಗಾಳಿ ಜಾಸ್ತಿ ಇದ್ದಾಗ ಆ ಧೂಳಿನಲ್ಲಿ ಮಕ್ಕಳನ್ನು ಆಡಲು ಬಿಡಬೇಡಿ.