ಹಳೇ ಐ3 ಡೆಸ್ಕ್‌ಟಾಪ್‌ಗೆ ವಿಂಡೋಸ್ 11 ಬೇಡ ಸಾರ್

ಸಾರ್, 2012ರ ಇಂಟೆಲ್ ಐ3 ಪ್ರೊಸೆಸರ್ ಇರುವ ಮೆಷಿನ್, 4 ಜಿಬಿ ರ‍್ಯಾಮ್, ಈಗ ವಿಂಡೋಸ್ 7 ಇದೆ, ನೇರವಾಗಿ 11 ಹಾಕಬಹುದಾ ಅಂತ ಕೇಳಿದ್ದೀರಿ. ಅಡ್ಡದಾರಿ ಇದೆ, ಆದರೆ ಬೇಡ. ವಿಂಡೋಸ್ 11ಕ್ಕೆ ಇಂಟೆಲ್‌ನ ಕನಿಷ್ಠ 8ನೇ ಜನರೇಷನ್ ಪ್ರೊಸೆಸರ್ ಮತ್ತು ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಬೇಕು. ನಿಮ್ಮದು 2ನೇ ಅಥವಾ 3ನೇ ಜನರೇಷನ್ ಇರಬೇಕು. ಹೇಗೋ ಹಾಕಿದರೂ ಅಪ್‌ಡೇಟ್ ಬರುವ ಗ್ಯಾರಂಟಿ ಇಲ್ಲ. ವಿಂಡೋಸ್ 10 ಹಾಕೋಣ ಅಂದರೆ ಅದರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ.

ಮೊದಲು ಹಾರ್ಡ್‌ಡಿಸ್ಕ್ ಬದಲಿಗೆ ಅದಕ್ಕಿಂತ ವೇಗವಾದ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಹಾಕಿಸಿ. ಮೆಷಿನ್ ನಿಧಾನ ಆಗಿರೋದು ಜಾಸ್ತಿ ಹಳೇ ಹಾರ್ಡ್‌ಡಿಸ್ಕ್‌ನಿಂದಲೇ. ಇನ್ನೊಂದು 4 ಜಿಬಿ ರ‍್ಯಾಮ್ ಸೇರಿಸಿದರೆ ಒಳ್ಳೆಯದು. ಡಿಡಿಆರ್3 ಕೇಳಿ ತನ್ನಿ, ಡಿಡಿಆರ್4 ಸ್ಲಾಟ್‌ನಲ್ಲಿ ಕೂರಲ್ಲ.

ಆಮೇಲೆ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಅನ್ನೋ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿ, ಅದರಲ್ಲೂ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಇನ್‌ಸ್ಟಾಲ್ ಮಾಡದೆಯೇ ನೋಡಬಹುದು. ವೈಫೈ, ಸೌಂಡ್, ಪ್ರಿಂಟರ್ ಎಲ್ಲಾ ಅಲ್ಲೇ ಪರೀಕ್ಷಿಸಿ.

ಕನ್ನಡ ಟೈಪಿಂಗ್ ಹೋಗುತ್ತೆ ಅನ್ನೋ ಭಯ ಬೇಡ. ನುಡಿ ತಂತ್ರಾಂಶ ವಿಂಡೋಸ್‌ನದು, ನಿಜ. ಆದರೆ ಅದೇ ಮಾದರಿಯ ಕಗಪ (ಕನ್ನಡ ಗಣಕ ಪರಿಷತ್ತು) ಕೀಲಿಮಣೆ ಲಿನಕ್ಸ್‌ನ ಕೀಬೋರ್ಡ್ ಪಟ್ಟಿಯಲ್ಲಿ ಇದೆ. ಹಳೇ ನುಡಿ ಫಾಂಟ್‌ನ ಫೈಲುಗಳನ್ನು ಮಾತ್ರ ವಿಂಡೋಸ್ ತೆಗೆಯುವ ಮೊದಲೇ ಎಲ್ಲ ಕಡೆ ಓದಲು ಬರುವ ಯೂನಿಕೋಡ್ ಅಕ್ಷರಗಳಿಗೆ ಬದಲಾಯಿಸಿಕೊಳ್ಳಿ. ಇಲ್ಲದಿದ್ದರೆ ಆ ಫಾಂಟ್ ಇಲ್ಲದ ಕಡೆ ಬರೀ ಇಂಗ್ಲಿಷ್ ಅಕ್ಷರಗಳ ಗೋಜಲು ಕಾಣುತ್ತೆ.

ಬ್ಯಾಕಪ್ ಮಾಡುವಾಗ ಡೆಸ್ಕ್‌ಟಾಪ್ ಮೇಲಿನ ಫೋಲ್ಡರ್‌ಗಳನ್ನೂ ನೋಡಿ, ಸುಮಾರು ಜನ ಅದನ್ನೇ ಮರೆಯೋದು. ಅಂದಹಾಗೆ ನಿಮ್ಮ ಪ್ರಿಂಟರ್ ಯಾವ ಮಾಡೆಲ್?