ಮನೇಲಿ ಎಲ್ಲಾ ಮಾಡ್ತಾಳೆ, ಕ್ಲಾಸಲ್ಲಿ ಏನೂ ಮಾಡಲ್ಲ

ಗುರುತು ಸಿಗ್ಬಾರ್ದು ಅಂತ ಒಂದೆರಡು ವಿವರ ಬದಲಾಯಿಸಿದೀನಿ. ಬೆಂಗಳೂರಿನ ಅಂಚಲ್ಲಿರೋ ಸರ್ಕಾರಿ ಶಾಲೆ, ನಲಿ-ಕಲಿ ಕ್ಲಾಸು, ಅಂದ್ರೆ 1ರಿಂದ 3ನೇ ಕ್ಲಾಸಿನ ಮಕ್ಳು ಒಟ್ಟಿಗೇ ಕೂರೋದು. ಹುಡುಗಿಗೆ ಎಂಟು ವರ್ಷ, ಯಾದಗಿರಿ ಕಡೆಯವಳು, ಅಪ್ಪ ಅಮ್ಮ ಬಿಲ್ಡಿಂಗ್ ಕೆಲ್ಸಕ್ಕೆ ಬಂದೋರು, ದಸರಾ ರಜೆ ಮುಗಿದ್ಮೇಲೆ ಸೇರಿದ್ಳು. ಮಿಸ್ ಹೇಳಿದ್ದು ಇಷ್ಟೇ: "ಬಾಗ್ಲತ್ರ ಕೂತಿರ್ತಾಳೆ ಮೇಡಂ, ಹತ್ತು ಸಲ ನೀರಿಗೆ ಹೋಗ್ತಾಳೆ, ಏನೂ ಮಾಡಲ್ಲ, ಸ್ವಲ್ಪ ಮಂದ ಅನ್ಸುತ್ತೆ."

ಅಮ್ಮನ್ನ ಕೇಳಿದ್ರೆ ಉಲ್ಟಾ. "ಮನ್ಯಾಗ ಎಲ್ಲಾ ಆಕಿನ ಮಾಡ್ತಾಳ್ರೀ. ನೀರು ತುಂಬ್ತಾಳ, ತಮ್ಮನ್ನ ನೋಡ್ಕೊತಾಳ, ರೊಟ್ಟಿನೂ ಬಡಿತಾಳ." ಎಂಟು ವರ್ಷಕ್ಕೆ ರೊಟ್ಟಿ ಬಡಿಯೋದು ಖುಷಿ ಪಡೋ ವಿಷ್ಯ ಅಲ್ಲ, ಅದನ್ನ ಅಮ್ಮನ ಹತ್ರ ಬೇರೆಯಾಗಿ ಮಾತಾಡಿದೆ, ಆದ್ರೆ ಮಂದ ಅನ್ನೋ ಮಾತು ಅಲ್ಲಿಗೇ ಬಿದ್ದೋಯ್ತು.

ಒಂದಿನ ಬೆಳಗ್ಗೆಯಿಂದ ಊಟದ ಬೆಲ್ ತನಕ ಕ್ಲಾಸಲ್ಲೇ ಕೂತೆ. ನಲಿ-ಕಲಿ ರೂಮಲ್ಲಿ ಗೋಡೆ ಕೆಳಗಡೆ ಮಕ್ಳ ಎತ್ತರಕ್ಕೆ ಕಪ್ಪು ಬಣ್ಣ ಬಳಿದು ಒಬ್ಬೊಬ್ರಿಗೂ ಒಂದೊಂದು ಜಾಗ ಕೊಟ್ಟಿರ್ತಾರಲ್ಲ, ಇವ್ಳಿಗೆ ಆ ಜಾಗ ಇಲ್ಲ. ಹಾಜರಿ ಚಾರ್ಟಲ್ಲಿ ಮಕ್ಳೇ ಗುರುತು ಹಾಕ್ಕೊಳ್ತಾರೆ, ಇವ್ಳ ಹೆಸ್ರೇ ಇಲ್ಲ. ಯಾಕಂದ್ರೆ ಹಳೇ ಶಾಲೆ ಟಿಸಿ ಬಂದಿಲ್ಲ, ಬಂದ್ಮೇಲೆ ಬರೆಯೋಣ ಅಂತ ಬಿಟ್ಟಿದಾರೆ! ಟಿಸಿ ತಡ ಆಯ್ತು ಅಂತ ದಾಖಲಾತಿ ತಡೆಯೋ ಹಾಗಿಲ್ಲ, 2009ರ ಆರ್‌ಟಿಇ, ಅಂದ್ರೆ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್‌ನಲ್ಲೇ ಇದೆ. ಜೊತೆಗೆ ಮಿಸ್‌ನ "ಅಕ್ಕೋರೆ" ಅಂದಿದ್ಕೆ, ಊಟದ ತಟ್ಟೆಗೆ "ಗಂಗಾಳ" ಅಂದಿದ್ಕೆ ಮಕ್ಳು ನಕ್ಕಿದ್ರಂತೆ, ಅವತ್ತಿಂದ ಬಾಯಿ ಮುಚ್ಚಿದೋಳು ಬಿಟ್ಟಿಲ್ಲ. ಬಾಗ್ಲ ಹಿಂದೆ ಬಗ್ಗಿ ನೋಡಿದ್ರೆ ಗೋಡೆ ಮೂಲೇಲಿ ಸೀಮೆಸುಣ್ಣದಲ್ಲಿ ಸಣ್ಣಕ್ಕೆ ಅವ್ಳ ಹೆಸ್ರು, ಒತ್ತಕ್ಷರ ಸಮೇತ ಸರಿಯಾಗಿ.

ಆಕ್ಯುಪೇಶನಲ್ ಥೆರಪಿಯೋರು, ಅಂದ್ರೆ ದಿನನಿತ್ಯದ ಕೆಲ್ಸಗಳನ್ನ ಮಾಡ್ಕೊಳ್ಳೋಕೆ ನೆರವಾಗೋ ಚಿಕಿತ್ಸಕರು, ಆಕ್ಯುಪೇಶನ್ ಅಂದ್ರೆ ನೌಕರಿ ಅಂತಲ್ಲ, ನಾವು ದಿನಾ ಮಾಡೋ, ನಮ್ಗೆ ಅರ್ಥ ಇರೋ ಕೆಲ್ಸ ಅಂತಾರೆ. ಮಗುಗೆ ಅದು ಆಟ, ಓದು, ಬರೆಯೋದು, ಊಟಕ್ಕೆ ಸಾಲಲ್ಲಿ ನಿಲ್ಲೋದೂ ಸೇರಿ. ಇವ್ಳಿಗೆ ಕ್ಲಾಸಲ್ಲಿ ತನ್ದು ಅಂತ ಒಂದೂ ಇರ್ಲಿಲ್ಲ.

ಮಿಸ್‌ಗೆ ಹೇಳಿದ್ದು, ಮೊದ್ಲು ಇವತ್ತೇ ಚಾರ್ಟಲ್ಲಿ ಹೆಸ್ರು ಬರೀರಿ, ಗೋಡೇಲಿ ಜಾಗ ಕೊಡಿ, ಟಿಸಿ ಆಮೇಲೆ ನೋಡ್ಕೊಳೋಣ. ಆಮೇಲೆ ಒಂದು ಕೆಲ್ಸ ಕೊಡಿ, ಅವ್ಳು ಶಾಲೆಗೆ ಬರ್ದೇ ಇದ್ರೆ ಕ್ಲಾಸಿಗೆ ಗೊತ್ತಾಗ್ಬೇಕು ಅಂಥದ್ದು. ಅವ್ರು ತಕ್ಷಣ "ಕಸ ಗುಡ್ಸೋದು ಚೆನ್ನಾಗ್ ಬರುತ್ತೆ ಮೇಡಂ" ಅಂದ್ರು. ಖಂಡಿತ ಬೇಡ ಅಂದೆ. ಕೂಲಿಯವ್ರ ಮಗಳ ಕೈಗೆ ಪೊರಕೆ ಕೊಟ್ರೆ ಅವ್ಳು ಯಾರು ಅಂತ ಉಳಿದ ಮಕ್ಳಿಗೆ ನಾವೇ ಪಾಠ ಮಾಡ್ದಂಗೆ. ಹವಾಮಾನ ಚಾರ್ಟ್ ತುಂಬೋದು ಕೊಡೋಣ ಅಂತ ಆಯ್ತು, ಜೊತೆಗೆ ಒಬ್ಳು ಮಾತುಗಾತಿ, ಮೂರು ವಾರ ಆದ್ಮೇಲೆ ಬೇರೆಯವ್ರ ಸರದಿ. ಗಂಗಾಳದ ವಿಷ್ಯಕ್ಕೆ, ನಕ್ಕೋರಿಗೆ ಬೈಬೇಡಿ, ನಿಮ್ಮನೇಲಿ ತಟ್ಟೆಗೆ ಏನಂತೀರ ಅಂತ ಎಲ್ರನ್ನೂ ಕೇಳಿ ಅಂದೆ. ತೆಲುಗು, ತಮಿಳು, ಉರ್ದು ಮನೆ ಮಕ್ಳು ಬೇಕಾದಷ್ಟು ಇದ್ರು, ಬೋರ್ಡ್ ತುಂಬ್ತು.

ಮೊದಲ ವಾರ ಸೂರ್ಯನ ಚಿತ್ರ ಹಾಕಿ ಓಡೋಗಿ ಕೂರ್ತಿದ್ಳು. ಎರಡನೇ ವಾರ ಒಂದಿನ ತುಂತುರು ಬಂತು, ಮೋಡ ಹಾಕೋದಾ ಮಳೆ ಹಾಕೋದಾ ಅಂತ ಜೊತೆಯವ್ಳ ಹತ್ರ ಜಗಳಕ್ಕೆ ನಿಂತ್ಳಂತೆ, ಮಿಸ್ ಫೋನ್ ಮಾಡಿ ನಗ್ತಾ ಹೇಳಿದ್ರು. ನೀರಿಗೆ ಓಡಾಡೋದು ಕಮ್ಮಿಯಾಗಿದೆ, ಪೂರ್ತಿ ನಿಂತಿಲ್ಲ. ಲೆಕ್ಕದಲ್ಲಿ ಇನ್ನೂ ಹಿಂದೆ.

ಯುಗಾದಿಗೆ ಊರಿಗೆ ಹೋಗ್ತಾರಂತೆ, ವಾಪಸ್ ಇಲ್ಲಿಗೇ ಬರ್ತಾರೋ ಬೇರೆ ಸೈಟಿಗೋ ಅವ್ರಿಗೇ ಗೊತ್ತಿಲ್ಲ. ಇಲ್ಲಿಗೆ ಬರಲ್ಲ ಅಂತ ಆದ್ರೆ ಟಿಸಿ ಕೈಗೆ ಕೊಟ್ಟೇ ಕಳ್ಸಿ ಅಂತ ಹೆಡ್‌ಮಾಸ್ಟರ್‌ಗೆ ಈಗ್ಲೇ ಹೇಳಿಟ್ಟಿದೀನಿ.