ದುಡ್ಡಿರುವ ಕ್ಲಬ್ಬಿನ ಚಾವಣಿ ಯಾಕೆ ಸೋರುತ್ತೆ?

ನಮಸ್ಕಾರ. ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಮ್ಯಾಂಚೆಸ್ಟರ್ ಯುನೈಟೆಡ್ ಇಷ್ಟೊಂದು ದುಡಿದರೂ ಅದರ ಕ್ರೀಡಾಂಗಣ ಓಲ್ಡ್ ಟ್ರಾಫರ್ಡ್‌ನ ಚಾವಣಿ ಸೋರುವುದು ಯಾಕೆ ಅಂತ ಕೇಳಿದ್ದೀರಿ. 2024ರ ಮೇನಲ್ಲಿ ಆರ್ಸೆನಲ್ ಪಂದ್ಯದ ದಿನ ನೀರು ಧೋ ಅಂತ ಸ್ಟ್ಯಾಂಡ್ ಮೇಲೆ ಸುರಿದದ್ದನ್ನು ನೋಡಿ ನನಗೂ ಹೊಟ್ಟೆ ಉರಿಯಿತು.

ಬೇರು 2005ರಲ್ಲಿದೆ. ಅಮೆರಿಕದ ಗ್ಲೇಜರ್ ಕುಟುಂಬ ಸಾಲ ಮಾಡಿ ಕ್ಲಬ್ ಕೊಂಡಿತು. ಆ ಸಾಲದ ದೊಡ್ಡ ಪಾಲು ಕ್ಲಬ್ಬಿನ ತಲೆಗೇ ಬಿತ್ತು. ಆಮೇಲೆ ಟಿಕೆಟ್, ಟಿವಿ, ಜೆರ್ಸಿ ದುಡ್ಡಲ್ಲಿ ಬಡ್ಡಿ ಕಟ್ಟಬೇಕಾಯಿತು, ಚಾವಣಿಯ ಸರದಿ ಹಿಂದೆ ಬಿತ್ತು. 2012ರಲ್ಲಿ ನ್ಯೂಯಾರ್ಕ್ ಷೇರುಪೇಟೆಗೂ ಹೋದರು. ಜನ ಕೊಳ್ಳುವ ಷೇರಿಗೆ 1 ಮತ, ಕುಟುಂಬದ ಷೇರಿಗೆ 10. ದುಡ್ಡು ಹೊರಗಿನದು, ಹಿಡಿತ ಮಾತ್ರ ಮನೆಯದು!

2013ರಿಂದ ಕ್ಲಬ್ ನಡೆಸಿದ ಎಡ್ ವುಡ್‌ವರ್ಡ್ ಬ್ಯಾಂಕಿನಿಂದ ಬಂದವರು, ಆ ಖರೀದಿಗೆ ನೆರವಾದವರು. ಪ್ರಾಯೋಜಕರನ್ನು ತರುವುದರಲ್ಲಿ ಗಟ್ಟಿಗರು. ಆದರೆ ಆಟದ ತೀರ್ಮಾನಗಳನ್ನು ನೋಡಿಕೊಳ್ಳುವ ಫುಟ್‌ಬಾಲ್ ಡೈರೆಕ್ಟರ್ ನೇಮಕವಾಗಿದ್ದೇ 2021ರಲ್ಲಿ. ಅಷ್ಟು ವರ್ಷ ಆಟದ ತೀರ್ಮಾನವನ್ನು ಲೆಕ್ಕದವರ ಕೈಗೆ ಬಿಟ್ಟಿದ್ದೇ ದೊಡ್ಡ ಪೆಟ್ಟು ಅನ್ನೋದು ನನ್ನ ಅಭಿಪ್ರಾಯ.

ನಮ್ಮ ಕೊಡವ ಕೌಟುಂಬಿಕ ಹಾಕಿ ನೋಡಿ. 1997ರಲ್ಲಿ ಕೊಡಗಿನ ಕರಡ ಊರಲ್ಲಿ ಶುರುವಾಯಿತು, ಪ್ರತಿ ಸಲ ಒಂದೊಂದು ಕುಟುಂಬದ ಹೊಣೆ. ಮೈದಾನದಲ್ಲಿ ಏನೇ ಕೊರತೆ ಕಂಡರೂ ಆ ಮನೆತನದವರನ್ನೇ ನಿಲ್ಲಿಸಿ ಕೇಳಬಹುದು. ಓಲ್ಡ್ ಟ್ರಾಫರ್ಡ್‌ನಲ್ಲಿ ನೆನೆದವರು ಯಾರನ್ನು ಕೇಳಬೇಕು?

2024ರಲ್ಲಿ ಬ್ರಿಟನ್ನಿನ ಉದ್ಯಮಿ ಜಿಮ್ ರಾಟ್‌ಕ್ಲಿಫ್ ಕ್ಲಬ್ಬಿನ ಒಂದು ಪಾಲು ಕೊಂಡು ಆಟದ ವಿಭಾಗ ವಹಿಸಿಕೊಂಡರು. ಅದೇ ವರ್ಷ ಸುಮಾರು 250 ನೌಕರರನ್ನು ಕಡಿಮೆ ಮಾಡುವ ತೀರ್ಮಾನವಾಯಿತು. ಹಾಗಾಗಿ ಮಾಲೀಕರು ಬದಲಾದರೆ ಎಲ್ಲ ಸರಿಹೋಗುತ್ತೆ ಅಂತ ಈಗಲೇ ನಂಬಬೇಡಿ. ಸಾಲ ಇನ್ನೂ ಹಾಗೇ ಕೂತಿದೆ.